ನಮ್ಮ ಸೀಮೆಯ ಗುಡ್ಡದ ದಾರಿಗಳು ಮತ್ತು ಕೆಂಪು ಬಸ್ಸು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ – ಈ ಐದು ಊರುಗಳ ಹೆಸರು ಕೇಳಿದೊಡನೆ ಹೊರಸೀಮೆಯವರ ಮನಸ್ಸಿಗೆ ಬರುವುದು ಬರಗಾಲ, ಬಿಸಿಲು ಮತ್ತು ಶೇಂಗಾ. ಗುಡ್ಡ ಹತ್ತುವ ಹವ್ಯಾಸವುಳ್ಳವರು ಚಿಕ್ಕಮಗಳೂರಿಗೆ ಹೋಗುತ್ತಾರೆ, ಕೊಡಗಿಗೆ ಹೋಗುತ್ತಾರೆ. ನಮ್ಮ ಕಡೆ ತಿರುಗಿಯೂ ನೋಡುವುದಿಲ್ಲ. ಬೆಂಗಳೂರಿನಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು, "ಸಾರ್, ನಮ್ಮೂರ ಕಡೆ ಚಾರಣಕ್ಕೆ ಯೋಗ್ಯವಾದ ಜಾಗ ಒಂದಾದರೂ ಇದೆಯೇ?" ಎಂದು ಕೇಳುವುದುಂಟು. ಇದೆ, ಒಂದಲ್ಲ, ಹತ್ತಾರು. ಅವುಗಳಲ್ಲಿ ಹೆಚ್ಚಿನವಕ್ಕೆ ಸರ್ಕಾರಿ ಬಸ್ಸಿನಲ್ಲೇ ಹೋಗಿ ಬರಬಹುದು. ಆದರೆ ಈ ಗುಡ್ಡಗಳಿಗೆ ಸಾಮಾನ್ಯ ಮನುಷ್ಯನು ನಿರ್ಭಯವಾಗಿ ಹೋಗಿಬರುವಂತಾದುದು ಅನಾದಿಕಾಲದ ಸಂಗತಿಯಲ್ಲ. ಗುಡ್ಡವು ಕೆಲವು ಕಾಲ ಎಲ್ಲರದಾಗಿತ್ತು, ಕೆಲವು ಕಾಲ ಅರಸನೊಬ್ಬನದಾಗಿತ್ತು, ಕೆಲವು ಕಾಲ ಸರ್ಕಾರದ್ದಾಗಿತ್ತು. ಈ ಬದಲಾವಣೆಗಳ ಕಥೆಯೇ ಒಂದು ಅರ್ಥದಲ್ಲಿ ನಮ್ಮ ಸೀಮೆಯ ಇತಿಹಾಸ. ಅದನ್ನು ನನಗೆ ತಿಳಿದಷ್ಟು ಇಲ್ಲಿ ಬರೆಯುತ್ತೇನೆ.

ಮೊದಲು ನೆಲದ ಮಾತು. ಕೂಡ್ಲಿಗಿಯ ಪೂರ್ವಕ್ಕೆ ಗುಡೇಕೋಟೆಯ ಸುತ್ತ ಕಾಣುವ ದುಂಡು ಬಂಡೆಗಳು, ಒಂದರ ಮೇಲೊಂದು ಜೋಡಿಸಿಟ್ಟಂತಹ ಗುಂಡುಗಳು, ರಾಮನಗರದಿಂದ ಹಂಪಿಯವರೆಗೆ ಹಬ್ಬಿರುವ ಗ್ರಾನೈಟ್ ಪಟ್ಟಿಗೆ ಸೇರಿದವು. ರಾಮನಗರದ ಹಿಂದಿನ ಹೆಸರಿನಿಂದ ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ. ಇದರ ವಯಸ್ಸು ಸುಮಾರು 250 ಕೋಟಿ ವರ್ಷ. ಪಶ್ಚಿಮದಲ್ಲಿ ಹಡಗಲಿ ಸೀಮೆಯ ಮಲ್ಲಪ್ಪನ ಗುಡ್ಡದ ಸಾಲು ಬೇರೆಯೇ ಜಾತಿಯದು. ತುಂಗಭದ್ರೆಯ ಆಚೆಯ ಕಪ್ಪತಗುಡ್ಡದ ಶಿಲಾಪಟ್ಟಿಯೇ ಹೊಳೆಯನ್ನು ದಾಟಿ ಇಲ್ಲಿ ಮುಂದುವರಿಯುತ್ತದೆ. ಒಂದೇ ದಿನ ಬಸ್ಸಿನ ಕಿಟಕಿಯ ಬಳಿ ಕುಳಿತು ಹಡಗಲಿಯಿಂದ ಗುಡೇಕೋಟೆಗೆ ಹೋದವನು ಭೂಮಿಯ ಎರಡು ಹಳೆಯ ಅಧ್ಯಾಯಗಳನ್ನು ಓದಿದಂತಾಗುತ್ತದೆ.

ಈ ಗುಡ್ಡಗಳಲ್ಲಿ ಮೊದಲು ದಾರಿ ಮಾಡಿದವರು ರಾಜರಲ್ಲ, ದನಗಾಹಿಗಳು. ಮ್ಯಾಸಬೇಡರು ಮತ್ತು ಗೊಲ್ಲರು ತಮ್ಮ ದನಕುರಿಗಳನ್ನು ಹುಲ್ಲಿಗಾಗಿ, ಬಂಡೆಯ ದೊಣೆಗಳಲ್ಲಿ ನಿಂತ ನೀರಿಗಾಗಿ ಹೊಡೆದುಕೊಂಡು ಹೋದ ಜಾಡುಗಳೇ ಕಾಲುದಾರಿಗಳಾದವು. ಇಂದಿಗೂ ಮ್ಯಾಸಬೇಡರಲ್ಲಿ ದೇವರ ಎತ್ತುಗಳನ್ನು ಸಾಕುವ ಪದ್ಧತಿಯಿದೆ. ಅವನ್ನು ಕಾಯುವವನನ್ನು ಕಿಲಾರಿ ಎನ್ನುತ್ತಾರೆ. ಅವರ ಹಾಡುಗಳ ನಾಯಕರಲ್ಲಿ ಅಗ್ರಗಣ್ಯನಾದ ಗಾದ್ರಿಪಾಲನಾಯಕನೂ ದನ ಕಾದವನೇ. ದೂರದ ದಾರಿಗಳು ಲಂಬಾಣಿಗರವು. ಎತ್ತುಗಳ ಬೆನ್ನ ಮೇಲೆ ಹೇರು ಹಾಕಿ, ಉಪ್ಪು ಮತ್ತು ಧಾನ್ಯವನ್ನು ಸಾಗಿಸುತ್ತ, ಸೈನ್ಯಗಳಿಗೆ ಆಹಾರ ಒದಗಿಸುತ್ತ, ಅವರು ದಖ್ಖನ್ನಿನ ಉದ್ದಗಲ ಸಂಚರಿಸಿದರು. ಬಂಡಿ ಹೋಗದ ಕಣಿವೆಗಳಲ್ಲಿ ಎತ್ತಿನ ಹೇರು ಹೋಗುತ್ತಿತ್ತು. ರಸ್ತೆ, ರೈಲುಗಳು ಬಂದ ಮೇಲೆ ಆ ಕಸುಬು ನಿಂತುಹೋಗಿ, ಅವರು ಗುಡ್ಡದ ಅಂಚುಗಳಲ್ಲಿ ತಾಂಡಾ ಕಟ್ಟಿಕೊಂಡು ನೆಲೆನಿಂತರು. ನನ್ನ ತರಗತಿಗಳಲ್ಲಿ ಕುಳಿತ ಎಷ್ಟೋ ಮಕ್ಕಳು ಆ ಸಾರ್ಥವಾಹರ ಸಂತತಿ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಹೇಳಲಿಲ್ಲ.

ದನಗಾಹಿಯ ಗುಡ್ಡವನ್ನು ಅರಸರು ಮುಚ್ಚಿದರು. ಇದಕ್ಕೆ ಉಚ್ಚಂಗಿದುರ್ಗಕ್ಕಿಂತ ಒಳ್ಳೆಯ ನಿದರ್ಶನವಿಲ್ಲ. ಹರಪನಹಳ್ಳಿ ತಾಲ್ಲೂಕಿನ ಈ ಬೆಟ್ಟವು ನೊಳಂಬವಾಡಿಯ ಬಾಗಿಲು ಇದ್ದಂತೆ. ಹತ್ತನೆಯ ಶತಮಾನದಲ್ಲಿ ಗಂಗರ ಮಾರಸಿಂಹನು ನೊಳಂಬರನ್ನು ಸದೆಬಡಿದು ನೊಳಂಬಕುಲಾಂತಕನೆನಿಸಿದನು. ಅವನ ದಂಡನಾಯಕನಾಗಿದ್ದ ಚಾವುಂಡರಾಯನು ಇದೇ ಉಚ್ಚಂಗಿಯ ಕೋಟೆಯಲ್ಲಿ ರಾಜಾದಿತ್ಯನೊಡನೆ ಕಾದಿ 'ರಣರಂಗಸಿಂಗ' ಎಂಬ ಬಿರುದು ಪಡೆದನು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದವನು ನಮ್ಮ ಗುಡ್ಡದಲ್ಲಿಯೂ ಕತ್ತಿ ಹಿಡಿದಿದ್ದನೆಂಬುದು ನೆನಪಿಡತಕ್ಕ ಸಂಗತಿ. ಮುಂದೆ ಕಲ್ಯಾಣದ ಚಾಲುಕ್ಯರ ಸಾಮಂತರಾದ ಪಾಂಡ್ಯರು ಇಲ್ಲಿಂದ ಆಳಿದರು. 1177ರಲ್ಲಿ ಹೊಯ್ಸಳ ವೀರಬಲ್ಲಾಳನು ಈ ದುರ್ಗವನ್ನು ಗೆದ್ದನು. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟ ಕೋಟೆಯನ್ನು ಬಲ್ಲಾಳನು ಅನಾಯಾಸವಾಗಿ ಹಿಡಿದನೆಂದು ಹೊಯ್ಸಳ ಶಾಸನಗಳು ಹೊಗಳುತ್ತವೆ. 'ಗಿರಿದುರ್ಗಮಲ್ಲ', 'ಶನಿವಾರಸಿದ್ಧಿ' ಎಂಬ ಅವನ ಬಿರುದುಗಳಿಗೆ ಈ ಗೆಲುವೇ ಮೂಲ. ಶರಣಾದ ಪಾಂಡ್ಯನಿಗೆ ಅವನು ರಾಜ್ಯವನ್ನು ಮರಳಿ ಕೊಟ್ಟನೆಂಬುದನ್ನೂ ಹೇಳಬೇಕು.

ವಿಜಯನಗರವು ಕುಸಿದ ಮೇಲೆ ಪಾಳೆಯಗಾರರ ಕಾಲ ಬಂದಿತು. ಹರಪನಹಳ್ಳಿ, ಗುಡೇಕೋಟೆ, ಜರಿಮಲೆ – ಕಣ್ಣಿಗೆ ಬಿದ್ದ ಪ್ರತಿ ಗುಡ್ಡಕ್ಕೂ ಒಂದು ಕೋಟೆ, ಪ್ರತಿ ದೊಡ್ಡ ಹಳ್ಳಿಗೂ ಒಂದು ಹುಡೇವು. 1748ರಲ್ಲಿ ಮಾಯಕೊಂಡದ ಬಯಲಿನಲ್ಲಿ ಹರಪನಹಳ್ಳಿಯ ಸೋಮಶೇಖರನಾಯಕನ ಪಕ್ಷದವರೊಡನೆ ಹೋರಾಡುತ್ತ ಚಿತ್ರದುರ್ಗದ ಮದಕರಿನಾಯಕನು ಮಡಿದನು. ಚಿತ್ರದುರ್ಗದ ಕಥೆಯನ್ನು ಕಾದಂಬರಿಕಾರರೂ ಚಲನಚಿತ್ರದವರೂ ಮನೆಮನೆಗೆ ತಲುಪಿಸಿದರು. ಹರಪನಹಳ್ಳಿಯ ಕಥೆ ಹಿಂದೆ ಉಳಿಯಿತು. ಗುಡೇಕೋಟೆಯವರು ಒನಕೆ ಓಬವ್ವ ತಮ್ಮೂರಿನ ಮಗಳೆಂದು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಒಂದು ಮಾತನ್ನು ಮರೆಯಬಾರದು. ಕೋಟೆಯ ವೈಭವವನ್ನು ನಾವು ಎಷ್ಟೇ ಹೊಗಳಿದರೂ, ಆ ಕಾಲದ ರೈತನಿಗೆ ಗುಡ್ಡವೆಂದರೆ ಭಯದ ತಾಣ. ಮೇಲಿನಿಂದ ಇಳಿದು ಬರುವ ಕುದುರೆ ಕಂದಾಯಕ್ಕಾಗಿ ಬಂದಿತೋ ಕೊಳ್ಳೆಗಾಗಿ ಬಂದಿತೋ ಅವನಿಗೆ ತಿಳಿಯುತ್ತಿರಲಿಲ್ಲ. ಹಳ್ಳಿಯ ನಡುವಿನ ಹುಡೇವಿನ ಗೋಡೆ ಅಷ್ಟು ದಪ್ಪವಾಗಿರುವುದಕ್ಕೆ ಕಾರಣ ಇದೇ. ಹುಡೇವನ್ನು ನೋಡಿದ ಮಕ್ಕಳಿಗೆ ನಾನು ಕೇಳುತ್ತಿದ್ದ ಪ್ರಶ್ನೆ ಇದು: "ಇದರೊಳಗೆ ಅಡಗಿ ಕುಳಿತವರು ಯಾರಿಗೆ ಹೆದರುತ್ತಿದ್ದರು?"

1800ರಲ್ಲಿ ಹೈದರಾಬಾದಿನ ನಿಜಾಮನು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟನು. 'ದತ್ತ ಮಂಡಲ'ವೆಂದು ಹೆಸರಾದ ಈ ಪ್ರದೇಶಕ್ಕೆ ಥಾಮಸ್ ಮನ್ರೋ ಪ್ರಧಾನ ಕಲೆಕ್ಟರನಾಗಿ ಬಂದು 1807ರವರೆಗೆ ಇದ್ದನು. ದತ್ತ ಮಂಡಲದ ಸುಮಾರು 80 ಪಾಳೆಯಗಾರರ ಬಲವನ್ನು ಅವನು ಮುರಿದನು. ಕೆಲವರಿಗೆ ಪಿಂಚಣಿ, ಕೆಲವರಿಗೆ ಗಡೀಪಾರು. ಕೋಟೆಯ ಕಾವಲು ಇಳಿಯಿತು. ಅನೇಕ ಶತಮಾನಗಳ ನಂತರ ದನಗಾಹಿಯು ಅಗಸೆ ಬಾಗಿಲಿನಲ್ಲಿ ಯಾರ ಅಪ್ಪಣೆಯನ್ನೂ ಕೇಳದೆ ಒಳಗೆ ದನ ಹೊಡೆಯುವಂತಾಯಿತು. ಆದರೆ ಸಂಸ್ಥಾನ ಹೋದರೂ ಸಂಬಂಧ ಹೋಗಲಿಲ್ಲ. ಉಜ್ಜಿನಿಯ ಮರುಳಸಿದ್ಧೇಶ್ವರನ ಗುಡಿಯ ಶಿಖರಕ್ಕೆ ವರ್ಷಕ್ಕೊಮ್ಮೆ ಎಣ್ಣೆ ಎರೆಯುವ ಉತ್ಸವಕ್ಕೆ ಜರಿಮಲೆಯ ಮನೆತನದಿಂದ ಎಣ್ಣೆ ಬರುವ ಸಂಪ್ರದಾಯ ಇಂದಿಗೂ ನಡೆದಿದೆ. "ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು" ಎಂಬ ಗಾದೆಯನ್ನು ನೀವು ಕೇಳಿಯೇ ಇರುತ್ತೀರಿ. ಆ ಗುಡಿಯ ಒಳಗಿನ ಕೆತ್ತನೆಯನ್ನು ನೋಡಿದವರಿಗೆ ಗಾದೆಯ ಅರ್ಥ ತಾನಾಗಿ ಆಗುತ್ತದೆ.

ಕಂಪನಿಯ ಹಿಂದೆಯೇ ಅಳತೆಗಾರರು ಬಂದರು. ಕರ್ನಲ್ ಮೆಕೆಂಜಿಯು ದತ್ತ ಮಂಡಲದ ಮೋಜಣಿ ಮಾಡಿಸಿದನು. ಅವನ ಸಹಾಯಕರು ಊರೂರಿನ ಕೈಫಿಯತ್ತುಗಳನ್ನು ಬರೆದುಕೊಂಡರು. ಆ ಶತಮಾನದ ಕೊನೆಯಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂವಿಜ್ಞಾನಿ ಬಳ್ಳಾರಿ ಜಿಲ್ಲೆಯ ಗುಡ್ಡಗಳನ್ನು ಸುತ್ತಿ, 1895ರಲ್ಲಿ ಜಿಲ್ಲೆಯ ಭೂರಚನೆಯ ಬಗ್ಗೆ ಗ್ರಂಥವನ್ನೇ ಪ್ರಕಟಿಸಿದನು. ಕಲ್ಲಿನ ಜಾತಿಯನ್ನು ಹುಡುಕುತ್ತ ಹೋದವನಿಗೆ ಆದಿಮಾನವನ ಕಲ್ಲಿನ ಕೊಡಲಿಗಳು ದೊರೆತವು. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಅಡಿಪಾಯ ಹಾಕಿದವರಲ್ಲಿ ಅವನು ಮೊದಲಿಗ. ಇತಿಹಾಸವನ್ನು ಕುಳಿತು ಓದುವುದು ಒಂದು. ನಡೆದು ಓದುವುದು ಇನ್ನೊಂದು. ಫೂಟನು ನಡೆದು ಓದಿದವನು.

ತೆರೆದ ಗುಡ್ಡವು ಮತ್ತೆ ಮುಚ್ಚಿದ್ದು 1882ರಲ್ಲಿ, ಮದ್ರಾಸು ಅರಣ್ಯ ಕಾಯಿದೆಯಿಂದ. ಮೀಸಲು ಅರಣ್ಯದ ಗೆರೆಯೊಳಗೆ ದನ ಮೇಯಿಸಲು, ಸೌದೆ ತರಲು ಅಪ್ಪಣೆ ಬೇಕಾಯಿತು. ಅದಕ್ಕೆ ಕೆಲವೇ ವರ್ಷ ಮುಂಚೆ, 1876ರಿಂದ 78ರವರೆಗೆ, ನಮ್ಮ ಹಿರಿಯರು 'ಧಾತು ಈಶ್ವರ ಬರ' ಎಂದು ಕರೆಯುತ್ತಿದ್ದ ಮಹಾಕ್ಷಾಮವು ಬಳ್ಳಾರಿ ಜಿಲ್ಲೆಯನ್ನು ನುಂಗಿತ್ತು. ಬದುಕಿದವರಲ್ಲಿ ಅನೇಕರನ್ನು ಉಳಿಸಿದ್ದು ಗುಡ್ಡದ ಗೆಡ್ಡೆ, ಸೊಪ್ಪು, ಕಾರೆ ಮತ್ತು ಕವಳೆ ಹಣ್ಣುಗಳು. ಕ್ಷಾಮದ ಪರಿಹಾರವೆಂದು ಸರ್ಕಾರವು ರಸ್ತೆಯ ಕಾಮಗಾರಿಗಳನ್ನು ನಡೆಸಿ, ಕೂಲಿಗಾಗಿ ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಒಂದಿಷ್ಟು ಕಾಸು ಕೊಡುತ್ತಿತ್ತು. ಹಸಿದವರು ಜಲ್ಲಿ ಒಡೆದು ಹಾಸಿದ ಅಂತಹ ರಸ್ತೆಗಳ ಮೇಲೆಯೇ ಮುಂದೆ ಬಸ್ಸುಗಳು ಓಡಿದವು.

ರೈಲು ಬಂದುದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ. ಹೊಸಪೇಟೆಯಿಂದ ಕೊಟ್ಟೂರಿನವರೆಗೆ ಮೀಟರ್ ಗೇಜ್ ಹಳಿ ಬಿದ್ದಿತು. ಕೊಟ್ಟೂರೇ ಅದರ ಕಡೆಯ ನಿಲ್ದಾಣ. ಮುಂದೆ ಹರಿಹರದವರೆಗೆ ಹಳಿ ಬೆಳೆದು ಪ್ರಯಾಣಿಕರ ರೈಲು ಓಡತೊಡಗಿದ್ದು 2019ರಲ್ಲಿ. ನಡುವೆ ತುಂಗಭದ್ರಾ ಅಣೆಕಟ್ಟು ಕಟ್ಟಿದರು. 1953ರ ಹೊತ್ತಿಗೆ ನೀರು ನಿಂತಾಗ ನಾರಾಯಣದೇವರಕೆರೆಯಂತಹ ಊರುಗಳು ಮುಳುಗಿದವು, ಮರಿಯಮ್ಮನಹಳ್ಳಿ, ಹಗರಿಬೊಮ್ಮನಹಳ್ಳಿಗಳು ಬೆಳೆದವು. ಅದೇ ವರ್ಷ ಅಕ್ಟೋಬರ್ 1ರಂದು ನಮ್ಮ ತಾಲ್ಲೂಕುಗಳು ಮದ್ರಾಸು ಪ್ರಾಂತ್ಯವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದವು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ ಮರಳಿ ಬಂದದ್ದು, 2021ರಲ್ಲಿ ವಿಜಯನಗರ ಜಿಲ್ಲೆಯಾದದ್ದು ನಿಮ್ಮೆಲ್ಲರ ಕಣ್ಣೆದುರಿನ ಸಂಗತಿಗಳು. ಜಿಲ್ಲೆಯ ಹೆಸರು ಬದಲಾದಾಗಲೆಲ್ಲ ಬಸ್ಸಿನ ಹಣೆಬರಹವೂ ಬದಲಾಯಿತು. ಮೈಸೂರು ಸರ್ಕಾರದ ಸಾರಿಗೆ ಇಲಾಖೆ 1948ರಲ್ಲಿ ಆರಂಭವಾಗಿ, 1961ರಲ್ಲಿ ನಿಗಮವಾಯಿತು. 2000ದಲ್ಲಿ ನಮ್ಮ ಭಾಗಕ್ಕೆ ಈಶಾನ್ಯ ಸಾರಿಗೆ ಬಂದಿತು. 2021ರಲ್ಲಿ ಅದು ಕಲ್ಯಾಣ ಕರ್ನಾಟಕ ಸಾರಿಗೆಯಾಯಿತು. ಜನರ ಬಾಯಲ್ಲಿ ಮಾತ್ರ ಅದು ಎಂದೆಂದಿಗೂ 'ಗೌರ್ಮೆಂಟ್ ಬಸ್ಸು', ಇಲ್ಲವೇ 'ಕೆಂಪು ಬಸ್ಸು'.

ಈ ಕೆಂಪು ಬಸ್ಸು ಮಾಡಿದ ಉಪಕಾರವನ್ನು ಇತಿಹಾಸದ ಪುಸ್ತಕಗಳಲ್ಲಿ ಯಾರೂ ಬರೆದಿಲ್ಲ. ಕಾರು ಇದ್ದವನಿಗೆ ಮಾತ್ರ ಗುಡ್ಡ ಎನ್ನುವ ಸ್ಥಿತಿಯನ್ನು ಅದು ಬರಗೊಡಲಿಲ್ಲ. ಇಂಗ್ಲೆಂಡಿನ ಒಂದು ಘಟನೆಯನ್ನು ಇಲ್ಲಿ ನೆನೆಯುವುದು ಉಚಿತ. ಮ್ಯಾಂಚೆಸ್ಟರಿನ ಗಿರಣಿಗಳ ಹೊಗೆಯಲ್ಲಿ ವಾರವೆಲ್ಲ ದುಡಿದ ಕಾರ್ಮಿಕರು ಭಾನುವಾರ ಹತ್ತಿರದ ಬೋಳುಗುಡ್ಡಗಳಲ್ಲಿ ನಡೆಯಲು ಹೋದರೆ, ಜಮೀನ್ದಾರರ ಕಾವಲುಗಾರರು ತಡೆಯುತ್ತಿದ್ದರು. ಆ ಗುಡ್ಡಗಳು ಶ್ರೀಮಂತರು ಹಕ್ಕಿ ಬೇಟೆಯಾಡಲು ಮೀಸಲು. 1932ರ ಏಪ್ರಿಲ್ 24ರಂದು ನೂರಾರು ಮಂದಿ ಕಿಂಡರ್ ಸ್ಕೌಟ್ ಎಂಬ ಗುಡ್ಡಕ್ಕೆ ಬೇಕೆಂದೇ ಅತಿಕ್ರಮಪ್ರವೇಶ ಮಾಡಿದರು. ಬೆನ್ನಿ ರಾತ್‌ಮನ್ ಎಂಬ ಇಪ್ಪತ್ತರ ಯುವಕನೂ ಸೇರಿದಂತೆ ಐವರು ಜೈಲಿಗೆ ಹೋದರು. ಅಲ್ಲಿಂದ ಬೆಳೆದ ಒತ್ತಾಯದ ಫಲವಾಗಿ 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆ ಬಂದಿತು. ಬಯಲುಗುಡ್ಡಗಳಲ್ಲಿ ನಡೆಯುವ ಹಕ್ಕು ಜನರಿಗೆ ಸಂಪೂರ್ಣವಾಗಿ ದೊರೆಯಲು 2000ದ ಕಾಯಿದೆಯವರೆಗೆ ಕಾಯಬೇಕಾಯಿತು.

ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿದ್ದ ದಾವಣಗೆರೆಯಿಂದ ಕೊಟ್ಟೂರಿಗೆ ಪ್ರತಿವರ್ಷ ಮಾಘಮಾಸದಲ್ಲಿ ಸಾವಿರಾರು ಜನ ಪಾದಯಾತ್ರೆ ಬರುತ್ತಾರೆ. ಗುರು ಬಸವೇಶ್ವರಸ್ವಾಮಿಯ ರಥೋತ್ಸವಕ್ಕೆಂದು ಹೊಲದ ಬದು, ಹಳ್ಳ, ಗುಡ್ಡದ ಓಣಿಗಳನ್ನು ಹಾದು ರಾತ್ರಿಹಗಲು ನಡೆಯುವ ಇವರನ್ನು ಯಾವ ಜಮೀನ್ದಾರನೂ ತಡೆಯುವುದಿಲ್ಲ. ದಾರಿಯುದ್ದಕ್ಕೂ ಹಳ್ಳಿಯವರು ನೀರು, ಮಜ್ಜಿಗೆ, ಅನ್ನ ಕೊಡುತ್ತಾರೆ. ಬರುವಾಗ ಕಾಲ್ನಡಿಗೆ, ಹೋಗುವಾಗ ಬಸ್ಸು. ಆ ದೇಶದಲ್ಲಿ ಕಾಯಿದೆ ಮಾಡಿ ಪಡೆದ ಹಕ್ಕನ್ನು ನಮ್ಮಲ್ಲಿ ಜಾತ್ರೆಯು ಕಾಪಾಡಿಕೊಂಡು ಬಂದಿದೆ. ಹಡಗಲಿ ತಾಲ್ಲೂಕಿನ ಮೈಲಾರದ ಕಾರ್ಣಿಕವೂ ಹಾಗೆಯೇ. ಬಿಲ್ಲನ್ನೇರಿದ ಗೊರವಯ್ಯನು "ಸದ್ದಲೇ" ಎಂದೊಡನೆ ಲಕ್ಷಾಂತರ ಜನ ಉಸಿರು ಬಿಗಿಹಿಡಿಯುವ ಆ ಕ್ಷಣಕ್ಕಾಗಿ, ಬಂಡಿ ಕಟ್ಟಿಕೊಂಡು ಬರುವವರು ಈಗಲೂ ಇದ್ದಾರೆ. ಅಲ್ಲಿಗೆ ಹೋದವರು ಹೊಳೆದಂಡೆಯ ಕುರುವತ್ತಿಯನ್ನೂ ನೋಡಬೇಕು. ವಾಸಿಯಾಗದ ರೋಗಕ್ಕೆ ಬೇಸತ್ತು ಚಾಲುಕ್ಯ ಚಕ್ರವರ್ತಿ ಆಹವಮಲ್ಲ ಸೋಮೇಶ್ವರನು 1068ರಲ್ಲಿ ತುಂಗಭದ್ರೆಯಲ್ಲಿ ಮುಳುಗಿ ದೇಹ ಬಿಟ್ಟದ್ದು ಅಲ್ಲಿಯೇ. ಅಲ್ಲಿನ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರು ಬೇಲೂರಿನ ಮದನಿಕೆಯರಿಗೆ ಅಕ್ಕಂದಿರಂತೆ ಕಾಣುತ್ತಾರೆ.

ಬಸ್ಸಿನ ದಾರಿಯೆಲ್ಲವೂ ಬೆಳಕಿನ ದಾರಿಯಲ್ಲ. ಅದನ್ನು ಮರೆಮಾಚಿದರೆ ಇತಿಹಾಸ ಬರೆದಂತಾಗುವುದಿಲ್ಲ. ನಮ್ಮ ಸೀಮೆಯ ಕೆಲವು ಗುಡ್ಡದ ದೇವತೆಗಳ ಸನ್ನಿಧಿಯಲ್ಲಿ ಬಡ ದಲಿತ ಮನೆತನಗಳ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿಸುವ ಪದ್ಧತಿ ಇತ್ತು. ಉಚ್ಚಂಗಿದುರ್ಗದ ಭರತ ಹುಣ್ಣಿಮೆಯ ಜಾತ್ರೆಯೂ ಇದಕ್ಕೆ ಹೆಸರಾಗಿತ್ತು. 1982ರ ದೇವದಾಸಿ ನಿಷೇಧ ಕಾಯಿದೆಯ ಅನಂತರವೂ ಅದು ಕದ್ದುಮುಚ್ಚಿ ನಡೆಯುತ್ತಿತ್ತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಜಾತ್ರೆಯ ರಜೆ ಮುಗಿದ ಮೇಲೆ ಶಾಲೆಗೆ ಬರಲಿಲ್ಲ. ಗಣಿತದಲ್ಲಿ ಚುರುಕು, ಅಕ್ಷರ ಮುತ್ತಿನಂತೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ತಿಂಗಳುಗಟ್ಟಲೆ ಗೈರುಹಾಜರಿಯ ಗುರುತು ಬಿದ್ದಿತು. ಮನೆಗೆ ಹೋಗಿ ವಿಚಾರಿಸಿದಾಗ ತಾಯಿ ತಲೆ ಎತ್ತಲಿಲ್ಲ, ಅಜ್ಜಿ "ದೇವರ ಕೆಲಸ, ಮೇಷ್ಟ್ರೇ" ಎಂದಳು. ಅವಳನ್ನು ಗುಡ್ಡಕ್ಕೆ ಕರೆದೊಯ್ದದ್ದೂ ಇದೇ ಕೆಂಪು ಬಸ್ಸು. ಮುಂದೆ ಕಾಯಿದೆಯ ಬಿಗಿ, ಹೆಣ್ಣುಮಕ್ಕಳ ಸಂಘಟನೆಗಳು, ಎಲ್ಲಕ್ಕಿಂತ ಹೆಚ್ಚಾಗಿ ಹೈಸ್ಕೂಲಿಗೆ ಹೋಗುವ ಬಸ್ ಪಾಸು ಆ ಪದ್ಧತಿಯನ್ನು ಹಿಮ್ಮೆಟ್ಟಿಸಿದವು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಹೆಂಗಸರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, ಗುಡ್ಡದ ಮೆಟ್ಟಿಲುಗಳಲ್ಲಿ ಕೂಲಿ ಮಾಡುವ ಹೆಂಗಸರು ಗುಂಪುಗಟ್ಟಿ ನಗುತ್ತ ಹತ್ತುವುದನ್ನು ಕಂಡಾಗ ನನಗೆ ಆ ಹುಡುಗಿಯ ನೆನಪು ಬರುತ್ತದೆ. ಗುಡ್ಡಕ್ಕೆ ತಾನಾಗಿ ಹೋಗುವುದು ಬೇರೆ, ಯಾರೋ ಕರೆದೊಯ್ದದ್ದು ಬೇರೆ.

ನಿಮ್ಮಲ್ಲಿ ಅನೇಕರಿಗೆ ನಮ್ಮ ಶಾಲೆಯ ಒಂದು ದಿನದ ಪ್ರವಾಸಗಳು ನೆನಪಿರಬಹುದು. ಹಿಂದಿನ ರಾತ್ರಿಯೇ ಬುತ್ತಿ ಕಟ್ಟಿಸಿಕೊಂಡು – ಕಟಕ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು – ಬೆಳಗಿನ ಮೊದಲ ಬಸ್ಸಿಗೆ ನಿಲ್ಲುತ್ತಿದ್ದೆವು. ನಲವತ್ತು ಮಕ್ಕಳನ್ನು ನೋಡಿ ಕಂಡಕ್ಟರು ಮೊದಲು ಗದರಿಸಿ, ಆಮೇಲೆ ತಾವೇ ಚಿಕ್ಕವರನ್ನು ಎಂಜಿನ್ ಮೇಲೆ ಕೂರಿಸುತ್ತಿದ್ದರು. ಕೋಟೆಯ ಮೇಲೆ ಹೋದ ಮೇಲೆ ನಾನು ಪಾಠ ಮಾಡುತ್ತಿರಲಿಲ್ಲ. "ಇಲ್ಲಿ ನೀರು ಎಲ್ಲಿಂದ ಬರುತ್ತಿತ್ತು, ಹುಡುಕಿರಿ" ಎಂದಷ್ಟೇ ಹೇಳುತ್ತಿದ್ದೆ. ದನ ಕಾಯುವ ಮನೆಯ ಹುಡುಗರು, ತರಗತಿಯಲ್ಲಿ ಹಿಂದಿನ ಬೆಂಚಿನವರು, ಅರ್ಧ ಗಂಟೆಯೊಳಗೆ ದೊಣೆಗಳನ್ನೂ ಕಾಲುವೆಯ ಜಾಡನ್ನೂ ತೋರಿಸಿಬಿಡುತ್ತಿದ್ದರು. ಮೊದಲ ಬೆಂಚಿನವರಿಗೆ ಅದು ಕಾಣಿಸುತ್ತಲೇ ಇರಲಿಲ್ಲ.

ಈಗಿನ ಸ್ಥಿತಿಯನ್ನು ನೋಡಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಚಾರಣಿಗರ ನೂಕುನುಗ್ಗಲಾಗಿ, ಮುಂಗಡ ನೋಂದಣಿಯಿಲ್ಲದೆ ಚಾರಣವೇ ಬೇಡವೆಂದು ಸರ್ಕಾರ ತಡೆಯಬೇಕಾಯಿತು. ಅದೇ ಹೊತ್ತಿನಲ್ಲಿ ಜರಿಮಲೆಯ ಕೋಟೆಯಲ್ಲಿ ಆಡುಗಳ ಹೊರತು ಯಾರೂ ಇರುವುದಿಲ್ಲ. ಜನ ಹೋಗದ ಗುಡ್ಡಕ್ಕೆ ಬೇರೆಯವರು ಬರುತ್ತಾರೆ: ನಿಧಿಯಾಸೆಗೆ ಗುಡಿಯ ಪೀಠ ಅಗೆಯುವವರು, ಕಲ್ಲು ಒಡೆಯುವವರು. ನಾಲ್ಕು ಜನ ಹೋಗಿಬರುವ ಗುಡ್ಡದಲ್ಲಿ ಕಲ್ಲು ಕಳುವಾದರೆ ಕೇಳುವವರಿರುತ್ತಾರೆ. ಯಾರೂ ಹೋಗದ ಗುಡ್ಡವು ಒಂದು ದಿನ ಇಲ್ಲವಾದರೂ ಊರಿಗೆ ತಿಳಿಯುವುದು ತಡವಾಗಿ. 250 ಕೋಟಿ ವರ್ಷ ನಿಂತ ಬಂಡೆಗೆ ಈಗ ಕೆಲವು ವರ್ಷಗಳ ಆಯುಸ್ಸು ಸಾಕಾಗುತ್ತದೆ. ಒಳ್ಳೆಯ ಸುದ್ದಿಯೂ ಇದೆ. ಗುಡೇಕೋಟೆಯ ಕಾಡು 2013ರಲ್ಲಿ ಕರಡಿಧಾಮವಾಗಿದೆ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯು 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿ ಅಂತರರಾಷ್ಟ್ರೀಯ ಮನ್ನಣೆ ಪಡೆದಿದೆ. ಊರಿನವರು ಹಕ್ಕಿಗಳನ್ನು ತಮ್ಮವೆಂದು ಕಂಡದ್ದರಿಂದ ಅದು ಸಾಧ್ಯವಾಯಿತು.

ಆದುದರಿಂದ ಹಬ್ಬಕ್ಕೆ ಊರಿಗೆ ಬಂದಾಗ ಒಂದು ದಿನವನ್ನು ಗುಡ್ಡಕ್ಕೆ ಮೀಸಲಿಡಿ. ಮಕ್ಕಳನ್ನು ಜೊತೆಯಲ್ಲಿ ಕರೆದೊಯ್ಯಿರಿ, ಕಾರನ್ನು ಮನೆಯಲ್ಲಿ ಬಿಡಿ. ಉಚ್ಚಂಗಿದುರ್ಗಕ್ಕೆ ಹರಪನಹಳ್ಳಿಯಿಂದಲೂ ದಾವಣಗೆರೆಯಿಂದಲೂ ಬಸ್ಸುಗಳಿವೆ. ಹರಪನಹಳ್ಳಿಗೆ ಹೋದವರು ಬಾಗಳಿಯ ಕಲ್ಲೇಶ್ವರನನ್ನು ನೋಡದೆ ಬರಬೇಡಿರಿ. ಚಾಲುಕ್ಯ ತೈಲಪನ ಕಾಲದ, 987ರ ಗುಡಿ ಅದು. ಗುಡೇಕೋಟೆಗೂ ಜರಿಮಲೆಗೂ ಕೂಡ್ಲಿಗಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಬಸ್ಸಿಗೆ ಕಾಯುವ ಹೊತ್ತಿನಲ್ಲಿ ಕೂಡ್ಲಿಗಿಯ ಗಾಂಧಿ ಚಿತಾಭಸ್ಮದ ಸ್ಮಾರಕಕ್ಕೆ ಹೋಗಿ ಕೈಮುಗಿದು ಬನ್ನಿ. ಉಜ್ಜಿನಿಗೆ ಕೊಟ್ಟೂರಿನಿಂದ, ಮೈಲಾರ, ಕುರುವತ್ತಿಗಳಿಗೆ ಹಡಗಲಿಯಿಂದ ಹೊರಡಿ. ಕಾರ್ತಿಕದಿಂದ ಮಾಘದವರೆಗೆ ಒಳ್ಳೆಯ ಕಾಲ. ಶಿವರಾತ್ರಿ ಕಳೆದ ಮೇಲೆ ಬಂಡೆ ಕಾಯುತ್ತದೆ. ನೀರನ್ನು ಮನೆಯಿಂದಲೇ ಒಯ್ಯಿರಿ. ಗುಡೇಕೋಟೆಯ ಸುತ್ತ ಕಾಡಿನೊಳಗೆ ಹೋಗುವ ಮುನ್ನ ಅರಣ್ಯ ಇಲಾಖೆಯವರನ್ನು ಕೇಳಿರಿ. ನಸುಕಿನಲ್ಲಿ, ಸಂಜೆಯಲ್ಲಿ ಕರಡಿ ಓಡಾಡುವ ಹೊತ್ತು, ಆಗ ಕಾಡಿನೊಳಗೆ ಇರಬೇಡಿರಿ. ದಾರಿ ತಪ್ಪಿದರೆ ಕುರಿ ಕಾಯುವವರನ್ನು ಕೇಳಿರಿ, ಫೋನನ್ನಲ್ಲ. ಇಳಿಯುವ ಮೊದಲು ಕಂಡಕ್ಟರನ್ನು ಸಂಜೆಯ ಕಡೆಯ ಬಸ್ಸು ಎಷ್ಟು ಹೊತ್ತಿಗೆ ಎಂದು ವಿಚಾರಿಸಿಕೊಳ್ಳಿರಿ. ಹತ್ತುವವರಿದ್ದರೆ ಆ ಬಸ್ಸು ನಾಳೆಯೂ ಬರುತ್ತದೆ. ಹತ್ತುವವರಿಲ್ಲವೆಂದು ಅದನ್ನು ಒಮ್ಮೆ ನಿಲ್ಲಿಸಿದರೆ, ಗುಡ್ಡದ ಬಾಗಿಲು ಮತ್ತೊಮ್ಮೆ ಮುಚ್ಚಿದಂತೆಯೇ.